ನ್ಯೂಜಿಲೆಂಡ್‌ನಲ್ಲಿ ಹಳೆಯ ವ್ಯಾನ್: ಪ್ರವಾಸಿ ಕೊಳ್ಳುಗನಿಗೆ ಹನ್ನೊಂದು ಪಾಠ

ನ್ಯೂಜಿಲೆಂಡ್‌ಗೆ ಪ್ರವಾಸಿ ವೀಸಾದಲ್ಲಿ ಹೋದವರೂ ಅಲ್ಲಿ ಸ್ವಂತ ಗಾಡಿ ಕೊಳ್ಳಬಹುದು. ಒಂದೆರಡು ವಾರದ ಸುತ್ತಾಟಕ್ಕೆ ಬಾಡಿಗೆ ಕಾರೇ ಸಾಕು. ಉತ್ತರ ದ್ವೀಪ, ದಕ್ಷಿಣ ದ್ವೀಪ ಎರಡನ್ನೂ ತಿಂಗಳುಗಟ್ಟಲೆ ನಿಧಾನವಾಗಿ ನೋಡುವ ಮನಸ್ಸಿದ್ದರೆ, ಒಳಗೆ ಹಾಸಿಗೆ ಹಾಕಿಸಿದ ಹಳೆಯ ವ್ಯಾನ್ ಕೊಂಡು, ಹೊರಡುವಾಗ ಮಾರಿಬಿಡುವುದು ಅಲ್ಲಿ ಬಹಳ ಜನರ ರೂಢಿ. ನಾನೂ ಹಾಗೆ ಕೊಂಡು, ಓಡಿಸಿ, ಮಾರಿದವನು. ಆಮೇಲೆ ಬೆಂಗಳೂರು, ಶಿವಮೊಗ್ಗದ ಕಡೆಯಿಂದ ಬಂದ ಗೆಳೆಯರ ಜೊತೆ ನಿಂತು ಗಾಡಿ ನೋಡಿಕೊಟ್ಟವನು.

ನಮ್ಮವರು ಅಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಕೆಲಸ ತೀರ ಸುಲಭವಾಗಿ ಮುಗಿದುಬಿಡುತ್ತದೆ. ಆರ್‌ಟಿಒ ಸರದಿ ಇಲ್ಲ, ಏಜೆಂಟ್ ಇಲ್ಲ, ಎನ್‌ಒಸಿ ಇಲ್ಲ, ಇನ್ಶೂರೆನ್ಸ್ ಎಲ್ಲಿ ಎಂದು ಕೇಳುವವರೂ ಇಲ್ಲ. ಊರಲ್ಲಿ ಸರ್ಕಾರ ನಮ್ಮಿಂದ ಒತ್ತಾಯವಾಗಿ ಮಾಡಿಸುವ ಎಷ್ಟೋ ಕೆಲಸಗಳನ್ನು ಅಲ್ಲಿ ಕೊಳ್ಳುವವನ ವಿವೇಕಕ್ಕೇ ಬಿಟ್ಟಿದ್ದಾರೆ. ಕೆಳಗಿನ ಪಾಠಗಳು ಬಹುಪಾಲು ಹೀಗೆ ಯಾರೂ ಕೇಳದ, ಆದರೆ ನಾವೇ ಮಾಡಿಕೊಳ್ಳಬೇಕಾದ ಕೆಲಸಗಳ ಬಗ್ಗೆಯೇ.

1. ಲೈಸೆನ್ಸ್ ಕಾರ್ಡ್, ಪಾಸ್‌ಪೋರ್ಟ್, ವಿಳಾಸ: ಮೂರೂ ಕೈಯಲ್ಲಿರಲಿ

ಕರ್ನಾಟಕದ ಲೈಸೆನ್ಸ್ ಕಾರ್ಡಿನಲ್ಲಿ ವಿವರಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಅನುವಾದದ ತೊಂದರೆ ಇಲ್ಲ. ದೇಶಕ್ಕೆ ಕಾಲಿಟ್ಟ ದಿನದಿಂದ ಒಂದು ವರ್ಷದ ಮಟ್ಟಿಗಂತೂ ಅದರಲ್ಲೇ ಓಡಿಸಬಹುದು. ಆದರೆ ಅಸಲಿ ಕಾರ್ಡ್ ಜೇಬಿನಲ್ಲಿರಬೇಕು. ಡಿಜಿಲಾಕರ್ ನಂಬಿ ಕಾರ್ಡನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಊರಿನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಬಂದರೆ ಇನ್ಶೂರೆನ್ಸ್ ಕಂಪನಿಯೊಂದಿಗೆ ಮಾತು ಸಲೀಸಾಗುತ್ತದೆ.

ಗಾಡಿಯನ್ನು ಹೆಸರಿಗೆ ಮಾಡಿಸಲು ಅಲ್ಲಿಯದೇ ಒಂದು ವಿಳಾಸ ಬೇಕು. ನೆಂಟರ ಮನೆಯೋ ಉಳಿದುಕೊಂಡ ಜಾಗವೋ ಆಗಬಹುದು. ದಂಡದ ನೋಟಿಸು, ನವೀಕರಣದ ಕಾಗದ ಎಲ್ಲ ಅಲ್ಲಿಗೇ ಬರುವುದರಿಂದ, ಬಂದ ಟಪಾಲನ್ನು ಒಡೆದು ನೋಡಿ ಫೋನ್ ಮಾಡುವವರ ವಿಳಾಸವನ್ನೇ ಕೊಡಿ. ಅಲ್ಲಿನ ಲೈಸೆನ್ಸ್ ಇದ್ದವರು ಈ ಬದಲಾವಣೆಯನ್ನು ಆನ್‌ಲೈನಿನಲ್ಲಿ ಮಾಡಿಕೊಳ್ಳುತ್ತಾರೆ. ನಮ್ಮಂಥವರು ಪಾಸ್‌ಪೋರ್ಟ್ ಹಿಡಿದು ಸಾರಿಗೆ ಇಲಾಖೆಯ ಏಜೆಂಟ್ ಕೌಂಟರಿಗೆ ಹೋಗಿ ಎಂಆರ್13ಬಿ ಫಾರ್ಮ್ ತುಂಬಿಕೊಡಬೇಕು. ಅಲ್ಲಿ ಜನ ಕಡಿಮೆಯಿದ್ದರೆ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

2. ಹೆಸರು ಬದಲಾದ ಮಾತ್ರಕ್ಕೆ ಒಡೆತನ ಬಂದಂತಲ್ಲ

ನಮ್ಮಲ್ಲಿ ಆರ್‌ಸಿ ಯಾರ ಹೆಸರಲ್ಲಿದೆಯೋ ಗಾಡಿ ಅವರದು. ಅಲ್ಲಿನ ರಿಜಿಸ್ಟರಿನಲ್ಲಿ ಬರೆಯುವುದು ಗಾಡಿಗೆ ಜವಾಬ್ದಾರರಾದವರ ಹೆಸರನ್ನು. ಕಾನೂನಿನ ಪ್ರಕಾರ ಮಾಲೀಕರು ಯಾರು ಎಂಬುದಕ್ಕೆ ಅದು ಪುರಾವೆಯಾಗುವುದಿಲ್ಲ. ಹಾಗಾಗಿ ಖರೀದಿಯ ಚೀಟಿಯೇ ಮುಖ್ಯ. ಒಂದು ಹಾಳೆಯಲ್ಲಿ ಎರಡೂ ಕಡೆಯವರ ಹೆಸರು, ವಿಳಾಸ, ನಂಬರ್ ಪ್ಲೇಟ್, ಚಾಸಿ ನಂಬರ್, ಓಡಿರುವ ಕಿಲೋಮೀಟರ್, ಕೊಟ್ಟ ಹಣ, ತಾರೀಖು, ಗಂಟೆ ಬರೆದು ಇಬ್ಬರೂ ಸಹಿ ಹಾಕಿ. ಗಂಟೆ ಯಾಕೆಂದರೆ, ಬೆಳಿಗ್ಗೆ ಹಳೆಯ ಓನರ್ ಮಾಡಿಕೊಂಡ ದಂಡ ಸಂಜೆ ಕೊಂಡವರ ತಲೆಗೆ ಬರಬಾರದು. ಮಾರುವವರ ಗುರುತಿನ ಚೀಟಿಯನ್ನು ನೋಡದೆ ಹಣ ಕೊಡಬೇಡಿ.

3. ಗಾಡಿಯ ಮೇಲಿನ ಸಾಲ ಕಣ್ಣಿಗೆ ಕಾಣುವುದಿಲ್ಲ

ನಮ್ಮ ಆರ್‌ಸಿಯಲ್ಲಿ ಬ್ಯಾಂಕಿನ ಹೈಪಾಥಿಕೇಶನ್ ನಮೂದಾಗಿರುತ್ತದೆ; ಓದು ಬಂದವರಿಗೆಲ್ಲ ಗೊತ್ತಾಗುತ್ತದೆ. ಅಲ್ಲಿ ಸಾಲದ ವಿವರ ಪಿಪಿಎಸ್‌ಆರ್ ಎಂಬ ಪ್ರತ್ಯೇಕ ರಿಜಿಸ್ಟರಿನಲ್ಲಿರುತ್ತದೆ. ಖಾಸಗಿಯವರಿಂದ ಕೊಂಡ ಗಾಡಿಯ ಮೇಲೆ ಅಲ್ಲಿ ಸಾಲ ನೋಂದಾಯಿತವಾಗಿದ್ದರೆ, ಸಾಲ ಕೊಟ್ಟವರು ಅದನ್ನು ನಿಮ್ಮ ಕೈಯಿಂದಲೇ ಎಳೆದುಕೊಂಡು ಹೋಗಬಹುದು. ಕಾರ್‌ಜ್ಯಾಮ್‌ನಂಥ ಸೇವೆಯಲ್ಲಿ ನಂಬರ್ ಪ್ಲೇಟ್ ಹಾಕಿ ಅಲ್ಪ ಶುಲ್ಕ ಕಟ್ಟಿದರೆ ಸಾಲವಿದೆಯೇ, ಕಳವಿನ ದೂರು ಇದೆಯೇ, ಪ್ರತಿ ತಪಾಸಣೆಯಲ್ಲಿ ಮೀಟರ್ ಎಷ್ಟಿತ್ತು ಎಂಬುದೆಲ್ಲ ಬರುತ್ತದೆ. ಹಣ ಕೊಡುವ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ಹಿಂದಿನ ವಾರದ ವರದಿ ಹಿಂದಿನ ವಾರದ್ದು.

4. ಡಬ್ಲ್ಯುಒಎಫ್ ಎಂದರೆ ಎಂಜಿನ್ ಚೆನ್ನಾಗಿದೆ ಎಂದಲ್ಲ

ವಾರಂಟ್ ಆಫ್ ಫಿಟ್‌ನೆಸ್, ಜನರ ಬಾಯಲ್ಲಿ ಬರೀ ವಾರಂಟ್, ನಿಗದಿತ ಅವಧಿಗೊಮ್ಮೆ ಆಗಬೇಕಾದ ಸುರಕ್ಷತಾ ತಪಾಸಣೆ. ಟೈರು, ಬ್ರೇಕು, ದೀಪ, ಸೀಟ್ ಬೆಲ್ಟ್, ಗಾಜು, ಬಾಡಿಯ ತುಕ್ಕು ನೋಡುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಕ್ಲಚ್‌ಗಳ ಆರೋಗ್ಯ ಅದರ ಲೆಕ್ಕಕ್ಕೆ ಸೇರಿಲ್ಲ. ಮಾರುವಾಗ ವಾರಂಟ್ ಒಂದು ತಿಂಗಳಿಗಿಂತ ಹಳೆಯದಾಗಿರಬಾರದು ಎಂಬುದು ನಿಯಮ. ‘ಇದ್ದ ಹಾಗೇ ಕೊಳ್ಳುತ್ತೇನೆ’ ಎಂದು ನೀವು ಬರೆದುಕೊಟ್ಟರೆ ಮಾತ್ರ ಅದಕ್ಕೆ ವಿನಾಯಿತಿ. ಅಂಥ ಹಾಳೆಗೆ ಸಹಿ ಕೇಳಿದರೆ ಯಾಕೆ ಎಂದು ಕೇಳಿ.

ಎಂಜಿನ್ನಿನ ಸ್ಥಿತಿ ತಿಳಿಯಲು ಬೇರೆ ಮೆಕ್ಯಾನಿಕ್ಕಿಗೆ ತೋರಿಸಬೇಕು. ಖರೀದಿಗೆ ಮುಂಚಿನ ತಪಾಸಣೆ ಮಾಡಿಕೊಡುವ ಎಎ, ವಿಟಿಎನ್‌ಝಡ್ ಕೇಂದ್ರಗಳಿವೆ, ಸ್ವತಂತ್ರ ಗ್ಯಾರೇಜುಗಳೂ ಇವೆ. ಮಾರುವವರು ಹೇಳಿದ ಗ್ಯಾರೇಜ್ ಬೇಡ; ನೀವೇ ಆರಿಸಿಕೊಳ್ಳಿ. ‘ನನಗೆ ಪುರುಸೊತ್ತಿಲ್ಲ, ಇನ್ನೊಬ್ಬರು ಹಣ ಹಿಡಿದು ಕಾಯುತ್ತಿದ್ದಾರೆ’ ಎಂದು ಅವಸರಿಸುವವರ ಗಾಡಿಯನ್ನು ಆ ಇನ್ನೊಬ್ಬರಿಗೇ ಬಿಟ್ಟುಬಿಡಿ.

5. ಜಪಾನಿನ ಗಾಡಿಯಲ್ಲಿ ನೋಡಬೇಕಾದ್ದು

ಮಾರುಕಟ್ಟೆಯಲ್ಲಿ ಸಿಗುವ ಹೈಏಸ್, ಎಸ್ಟಿಮಾ, ಕ್ಯಾರವಾನ್, ಬಾಂಗೋಗಳಲ್ಲಿ ಬಹಳಷ್ಟು ಜಪಾನಿನಲ್ಲಿ ಓಡಿ ಹಡಗಿನಲ್ಲಿ ಬಂದವು. ಸ್ಟಿಯರಿಂಗ್ ನಮ್ಮ ಹಾಗೆ ಬಲಕ್ಕೆ, ರಸ್ತೆಯಲ್ಲಿ ಓಟ ಎಡಕ್ಕೆ. ಕೈ ಬೇಗ ಒಗ್ಗುತ್ತದೆ. ಜಪಾನಿನ ಎಫ್‌ಎಂ ಪಟ್ಟಿ 76ರಿಂದ ಶುರುವಾಗುವುದರಿಂದ ಹಳೆಯ ರೇಡಿಯೋದಲ್ಲಿ ಸ್ಥಳೀಯ ಸ್ಟೇಷನ್ನುಗಳು ಬಹುಪಾಲು ಸಿಗುವುದಿಲ್ಲ. ಅದು ರಿಪೇರಿ ಅಲ್ಲ, ಚೌಕಾಸಿಗೂ ಆಗದು.

ನಿಜವಾಗಿ ನೋಡಬೇಕಾದ್ದು ತುಕ್ಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಜಪಾನಿನ ಹಿಮದ ಸೀಮೆಯಲ್ಲಿ ಓಡಿದ ಗಾಡಿ ಮೇಲೆ ಫಳಫಳ ಹೊಳೆದರೂ ತಳ ಸವೆದಿರುತ್ತದೆ. ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿ. ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡರೆ ಅದರಡಿ ಏನಿದೆ ಎಂದು ಮೆಕ್ಯಾನಿಕ್ಕಿಗೆ ಕೇಳಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಯಾವಾಗ ಬದಲಿಸಿದ್ದು ಎಂಬುದಕ್ಕೆ ಬಿಲ್ಲು ಬೇಕು, ಬಾಯಿಮಾತು ಸಾಲದು. ನೋಡಲು ಹೋಗುವ ಮುಂಚೆ ‘ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ’ ಎಂದು ಹೇಳಿ. ತಣ್ಣಗಿರುವ ಎಂಜಿನ್ ಮೊದಲ ಸಲ ಹೇಗೆ ಏಳುತ್ತದೆ, ಹೊಗೆ ಯಾವ ಬಣ್ಣ ಎಂಬುದರಲ್ಲಿ ಅರ್ಧ ವಿಷಯ ತಿಳಿಯುತ್ತದೆ.

6. ಡೀಸೆಲ್ ಅಗ್ಗವಾಗಿ ಕಂಡರೆ ಲೆಕ್ಕ ಮುಗಿದಿಲ್ಲ

ಬಂಕಿನಲ್ಲಿ ಡೀಸೆಲ್ ದರ ಪೆಟ್ರೋಲಿಗಿಂತ ಕಡಿಮೆ ಕಾಣುವುದಕ್ಕೆ ಒಂದು ಕಾರಣವಿದೆ. ಪೆಟ್ರೋಲಿನಲ್ಲಿ ರಸ್ತೆ ತೆರಿಗೆ ಸೇರಿರುತ್ತದೆ; ಡೀಸೆಲ್ ಗಾಡಿಯವರು ಅದನ್ನು ಆರ್‌ಯುಸಿ ಎಂಬ ಹೆಸರಿನಲ್ಲಿ ಸಾವಿರ ಕಿಲೋಮೀಟರಿನ ಲೆಕ್ಕದಲ್ಲಿ ಮುಂಗಡವಾಗಿ ಕೊಂಡಿರಬೇಕು. ನಾನು ಲೆಕ್ಕ ಹಾಕಿದಾಗ ಹಗುರ ವಾಹನಕ್ಕೆ ಸಾವಿರ ಕಿಲೋಮೀಟರಿಗೆ 76 ಡಾಲರ್, ಮೇಲೊಂದಿಷ್ಟು ಸೇವಾ ಶುಲ್ಕ. 8,000 ಕಿಲೋಮೀಟರ್ ಸುತ್ತಿದರೆ 608 ಡಾಲರ್ ಅಲ್ಲಿಗೇ ಹೋಯಿತು. ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಎಲ್ಲಿಯವರೆಗೆ ಕಟ್ಟಿದೆ ಎಂದು ಬರೆದಿರುತ್ತದೆ. ಮೀಟರ್ ಆ ಸಂಖ್ಯೆಯನ್ನು ದಾಟಿದ್ದರೆ ಬಾಕಿಯನ್ನು ಮಾರುವವರೇ ಕಟ್ಟಿದ ಮೇಲೆ ವ್ಯಾಪಾರ ಮುಂದುವರಿಸಿ. ರೆಗೋ, ಅಂದರೆ ವಾಹನದ ಲೈಸೆನ್ಸ್ ಶುಲ್ಕದ ಬಾಕಿಗೂ ಇದೇ ಮಾತು.

7. ಮಲಗುವ ಜಾಗಕ್ಕೂ ಸರ್ಟಿಫಿಕೇಟ್ ಬೇಕು

ಹಾಸಿಗೆ ಇದ್ದ ಮಾತ್ರಕ್ಕೆ ವ್ಯಾನನ್ನು ಕಂಡಲ್ಲಿ ನಿಲ್ಲಿಸಿ ಮಲಗುವಂತಿಲ್ಲ. ದುಡ್ಡಿಲ್ಲದೆ ತಂಗಬಹುದಾದ ಎಷ್ಟೋ ಕಡೆ ಸೆಲ್ಫ್ ಕಂಟೇನ್ಡ್ ಎಂದು ಪ್ರಮಾಣಿತವಾದ ಗಾಡಿಗೆ ಮಾತ್ರ ಪ್ರವೇಶ. 2023ರ ಕಾನೂನಿನ ನಂತರ ಇದಕ್ಕೆ ಹಸಿರು ಸ್ಟಿಕ್ಕರ್. ನೀಲಿ ಸ್ಟಿಕ್ಕರ್ ಹಳೆಯ ಪದ್ಧತಿಯದು. ಹೊಸ ನಿಯಮದಂತೆ ಶೌಚದ ವ್ಯವಸ್ಥೆ ಗಾಡಿಗೆ ಭದ್ರವಾಗಿ ಜೋಡಿಸಿರಬೇಕು, ಹಾಸಿಗೆ ಹಾಸಿದ್ದಾಗಲೂ ಬಳಸುವಂತಿರಬೇಕು. ಹಾಸಿಗೆಯಡಿ ತುರುಕಿದ ಡಬ್ಬಿ ಲೆಕ್ಕಕ್ಕಿಲ್ಲ. ಜಾಹೀರಾತಿನಲ್ಲಿ ‘ಸೆಲ್ಫ್ ಕಂಟೇನ್ಡ್’ ಎಂದಿದ್ದರೆ ಸ್ಟಿಕ್ಕರಿನ ಬಣ್ಣ, ಮುಗಿಯುವ ತಾರೀಖು ಎರಡನ್ನೂ ಕಣ್ಣಾರೆ ನೋಡಿ.

8. ವ್ಯಾಪಾರಿಯಿಂದ ಕೊಂಡರೆ ಹೆಚ್ಚು ಕೊಡುವುದು ಯಾಕೆ

ನೋಂದಾಯಿತ ವ್ಯಾಪಾರಿಯಿಂದ ಕೊಂಡರೆ ಬಳಕೆದಾರರ ಖಾತರಿ ಕಾನೂನು ನಿಮ್ಮ ಬೆನ್ನಿಗಿರುತ್ತದೆ. ಜಗಳವಾದರೆ ವಾಹನ ವ್ಯಾಜ್ಯಗಳಿಗೆಂದೇ ಇರುವ ನ್ಯಾಯಮಂಡಳಿ 1,00,000 ಡಾಲರ್‌ವರೆಗಿನ ದಾವೆ ಕೇಳುತ್ತದೆ. ಖಾಸಗಿ ಮಾರಾಟದಲ್ಲಿ ಈ ರಕ್ಷಣೆ ಇಲ್ಲ. ಸುಳ್ಳು ಹೇಳಿ ಮಾರಿದ್ದನ್ನು ನೀವೇ ಸಾಬೀತು ಮಾಡಬೇಕು. ಅದಕ್ಕೇ ಖಾಸಗಿಯವರ ಜಾಹೀರಾತು, ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ. ಹನ್ನೆರಡು ತಿಂಗಳಲ್ಲಿ ಆರಕ್ಕಿಂತ ಹೆಚ್ಚು ಗಾಡಿ ಮಾರುವವರು ವ್ಯಾಪಾರಿ ಎಂದು ನೋಂದಾಯಿಸಿಕೊಳ್ಳಲೇಬೇಕು. ‘ನನ್ನ ಸ್ವಂತ ಗಾಡಿ’ ಎನ್ನುವವರ ಅಂಗಳದಲ್ಲಿ ಇನ್ನೂ ನಾಲ್ಕು ವ್ಯಾನ್ ನಿಂತಿದ್ದರೆ ನೋಂದಾಯಿತ ವ್ಯಾಪಾರಿಗಳ ಪಟ್ಟಿಯನ್ನೊಮ್ಮೆ ನೋಡುವುದು ಒಳ್ಳೆಯದು.

9. ಇನ್ಶೂರೆನ್ಸ್ ಕಡ್ಡಾಯವಲ್ಲ, ಅದಕ್ಕೇ ಮಾಡಿಸಿ

ನಮ್ಮ 1988ರ ಮೋಟಾರು ವಾಹನ ಕಾಯಿದೆಯಂತೆ ಥರ್ಡ್ ಪಾರ್ಟಿ ಇಲ್ಲದೆ ರಸ್ತೆಗಿಳಿಯುವಂತಿಲ್ಲ. ನ್ಯೂಜಿಲೆಂಡ್‌ನಲ್ಲಿ ಅಂಥ ಕಡ್ಡಾಯವೇ ಇಲ್ಲ ಎಂದರೆ ನಮ್ಮವರು ನಂಬುವುದಿಲ್ಲ. ಕಾರಣ ಎಸಿಸಿ ಎಂಬ ಅಪಘಾತ ಪರಿಹಾರ ವ್ಯವಸ್ಥೆ. 1974ರಿಂದ ನಡೆಯುತ್ತಿರುವ ಇದರಲ್ಲಿ ತಪ್ಪು ಯಾರದೆಂದು ನೋಡದೆ ಗಾಯಾಳುವಿನ ಚಿಕಿತ್ಸೆಗೆ ನೆರವಾಗುತ್ತಾರೆ, ಪ್ರವಾಸಿಗೂ ಸಿಗುತ್ತದೆ. ಗಾಯಕ್ಕೆ ಪರಿಹಾರ ಕೊಡಿ ಎಂದು ಒಬ್ಬರ ಮೇಲೊಬ್ಬರು ದಾವೆ ಹೂಡುವಂತಿಲ್ಲ. ರಸ್ತೆ ಅಪಘಾತಗಳ ಮಟ್ಟಿಗೆ ಇದಕ್ಕೆ ಹಣ ಬರುವುದು ಹೆಚ್ಚಾಗಿ ರೆಗೋ, ಪೆಟ್ರೋಲುಗಳ ಮೇಲಿನ ವಂತಿಗೆಯಿಂದ.

ಇದನ್ನು ಅರ್ಧ ಕೇಳಿ ‘ಹಾಗಾದರೆ ಇನ್ಶೂರೆನ್ಸ್ ದಂಡ’ ಎನ್ನುವವರಿದ್ದಾರೆ. ಎಸಿಸಿ ನೋಡಿಕೊಳ್ಳುವುದು ಮೈಗಾದ ಗಾಯವನ್ನು. ನೀವು ಗುದ್ದಿದ ದುಬಾರಿ ಕಾರು, ಕೆಡವಿದ ಬೇಲಿ, ಒಡೆದ ಅಂಗಡಿ ಗಾಜು ಇವೆಲ್ಲ ನಿಮ್ಮ ಜೇಬಿನ ಬಾಬತ್ತು. ಎದುರು ಕಡೆಯವರ ಕಂಪನಿ ಅವರಿಗೆ ಹಣ ಕೊಟ್ಟು, ಆಮೇಲೆ ಅದನ್ನು ನಿಮ್ಮಿಂದ ವಸೂಲಿ ಮಾಡಲು ಬರುತ್ತದೆ. ವ್ಯಾನಿನ ಬೆಲೆಯ ಎಷ್ಟೋ ಪಟ್ಟು ಆಗಬಹುದಾದ ಹೊರೆ ಅದು. ಹಾಗಾಗಿ ಎಷ್ಟೇ ಹಳೆಯ ಗಾಡಿಯಾದರೂ ಥರ್ಡ್ ಪಾರ್ಟಿ ಇರಲಿ. ಬೆಂಕಿ, ಕಳವು ಸೇರಿದ್ದು ಅದರ ಮೇಲಿನ ಮೆಟ್ಟಿಲು. ಗಾಡಿ ಹೋದರೆ ಪ್ರವಾಸವೇ ಮುಗಿಯಿತು ಎನ್ನುವಷ್ಟು ಹಣ ಹಾಕಿದ್ದರೆ ಮಾತ್ರ ಫುಲ್ ಕವರ್.

ಇನ್ನೊಂದು: ಎಸಿಸಿ ಕಾಯಿಲೆಯನ್ನು ನೋಡುವುದಿಲ್ಲ, ಊರಿಗೆ ಕರೆತರುವ ಖರ್ಚನ್ನೂ ಕೊಡುವುದಿಲ್ಲ. ಅದಕ್ಕೆ ಊರಿನಿಂದಲೇ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿಕೊಂಡು ಹೋಗಬೇಕು. ಅದರಲ್ಲಿ ಬಾಡಿಗೆ ಕಾರಿನ ಬಗ್ಗೆ ಬರೆದ ಸಾಲುಗಳು ನಿಮ್ಮ ಸ್ವಂತ ವ್ಯಾನಿಗೆ ಅನ್ವಯಿಸುತ್ತವೆ ಎಂದುಕೊಳ್ಳಬೇಡಿ.

10. ಕಂಪನಿ ಕೇಳದಿದ್ದರೂ ಹೇಳಿಬಿಡಿ

ಫೋನ್ ಮಾಡುವ ಮುಂಚೆ ಇಷ್ಟು ಬರೆದಿಟ್ಟುಕೊಳ್ಳಿ: ಲೈಸೆನ್ಸ್ ಯಾವ ದೇಶದ್ದು, ಎಷ್ಟು ವರ್ಷದ್ದು, ಯಾರು ಯಾರು ಓಡಿಸುತ್ತಾರೆ, ರಾತ್ರಿ ಗಾಡಿ ಎಲ್ಲಿರುತ್ತದೆ, ಅದರಲ್ಲೇ ವಾಸವೇ, ಒಳಗೆ ಏನೇನು ಜೋಡಿಸಿದ್ದಾರೆ. ಹಾಸಿಗೆ, ಸೋಲಾರ್, ಎರಡನೆಯ ಬ್ಯಾಟರಿ, ಗ್ಯಾಸ್ ಒಲೆ ಎಲ್ಲ ಮಾರ್ಪಾಡುಗಳೇ. ಸರಕು ವ್ಯಾನಿಗೆ ಸೀಟು ಸೇರಿಸಿದ್ದರೆ, ಮಾರ್ಪಾಡನ್ನು ತಪಾಸಿಸಿ ಒಪ್ಪಿದ್ದಕ್ಕೆ ಹಾಕುವ ಎಲ್‌ವಿವಿ ಪ್ರಮಾಣದ ಫಲಕ ಇದೆಯೇ ನೋಡಿ. ಮುಚ್ಚಿಟ್ಟ ಒಂದು ವಿಷಯ ಸಾಕು, ಕ್ಲೇಮಿನ ದಿನ ಪಾಲಿಸಿ ಕೈಕೊಡುತ್ತದೆ. ವಾರಂಟ್ ಮುಗಿದ ಗಾಡಿಯ ಕ್ಲೇಮಿಗೂ ತಕರಾರು ಬರಬಹುದು.

ವಿದೇಶಿ ಲೈಸೆನ್ಸ್ ಎಂದರೆ ಕೆಲವು ಕಂಪನಿಗಳು ಆಗುವುದಿಲ್ಲ ಎನ್ನುತ್ತವೆ. ಒಪ್ಪುವವು ಎಕ್ಸೆಸ್ ಏರಿಸುತ್ತವೆ, ಅಂದರೆ ಕ್ಲೇಮಿನಲ್ಲಿ ಮೊದಲು ನಿಮ್ಮ ಕೈಯಿಂದ ಹೋಗುವ ಮೊತ್ತ. 25 ವರ್ಷದೊಳಗಿನ ಚಾಲಕರಿದ್ದರೆ ಅದು ಇನ್ನೂ ಏರುತ್ತದೆ. ಪ್ರೀಮಿಯಂ ಕಡಿಮೆ ಎಂದು ಹಿಗ್ಗುವ ಮುಂಚೆ ಎಲ್ಲ ಎಕ್ಸೆಸ್‌ಗಳನ್ನೂ ಕೂಡಿಸಿ. ವ್ಯಾನಿನ ಬೆಲೆಗೇ ಹತ್ತಿರ ಬಂದರೆ ಫುಲ್ ಕವರಿಗೆ ಅರ್ಥವಿಲ್ಲ. ಊರಿನ ಕಂಪನಿಯಿಂದ ನೋ ಕ್ಲೇಮ್ ಪತ್ರ ತಂದಿದ್ದರೆ ತೋರಿಸಿ, ಕೆಲವರು ಪರಿಗಣಿಸುತ್ತಾರೆ. ಪರಿಹಾರ ಮಾರುಕಟ್ಟೆ ಬೆಲೆಗೋ, ಮೊದಲೇ ಒಪ್ಪಿಕೊಂಡ ಬೆಲೆಗೋ ಎಂದು ಕೇಳಿ. ಒಳಗೆ ಸಾವಿರಾರು ಡಾಲರ್ ಮರಗೆಲಸ ಮಾಡಿಸಿದ ಹಳೆಯ ವ್ಯಾನಿಗೆ ಈ ಎರಡರ ನಡುವಿನ ಅಂತರ ದೊಡ್ಡದು. ಲ್ಯಾಪ್‌ಟಾಪು, ಕ್ಯಾಮೆರಾಗಳಿಗೆ ವಾಹನದ ಪಾಲಿಸಿಯಲ್ಲಿ ಸಿಗುವುದು ಅಲ್ಪ. ಚಾರಣದ ದಾರಿ ಶುರುವಾಗುವ ಕಡೆ ನಿಲ್ಲಿಸಿದ ಗಾಡಿಗಳ ಗಾಜು ಒಡೆಯುವವರು ಅಲ್ಲೂ ಇದ್ದಾರೆ.

ಪಾಲಿಸಿ ಶುರುವಾಗುವ ಗಂಟೆ, ನೀವು ಕೀಲಿ ತೆಗೆದುಕೊಳ್ಳುವ ಗಂಟೆಗಿಂತ ಮುಂಚೆ ಇರಲಿ.

11. ಮಾರುವ ಲೆಕ್ಕವನ್ನು ಕೊಳ್ಳುವಾಗಲೇ ಹಾಕಿ

ಅಕ್ಟೋಬರ್, ನವೆಂಬರಿನಲ್ಲಿ ಬೇಸಿಗೆಗೆಂದು ಜನ ಬಂದಿಳಿಯುತ್ತಾರೆ, ಬೆಲೆ ಏರುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಎಲ್ಲರೂ ಒಟ್ಟಿಗೆ ಮಾರಲು ನಿಲ್ಲುತ್ತಾರೆ, ಬೆಲೆ ಇಳಿಯುತ್ತದೆ. ಈ ಸುಳಿಯಲ್ಲಿ ಸಿಗಬಾರದೆಂದರೆ ವಿಮಾನಕ್ಕೆ ಎರಡು ಮೂರು ವಾರ ಮುಂಚೆಯೇ ಜಾಹೀರಾತು ಹಾಕಿ. ಆಕ್ಲೆಂಡ್ ಅಥವಾ ಕ್ರೈಸ್ಟ್‌ಚರ್ಚಿನಲ್ಲಿ ಕೊಳ್ಳುವವರು ಹೆಚ್ಚು. ಹೊಸ ವಾರಂಟ್, ಉಳಿದ ರೆಗೋ, ಹಸಿರು ಸ್ಟಿಕ್ಕರ್, ಬಿಲ್ಲುಗಳ ಕಟ್ಟು ಇದ್ದರೆ ಮಾತು ಬೇಗ ಮುಗಿಯುತ್ತದೆ.

ಹಣ ಖಾತೆಗೆ ಬಂದದ್ದನ್ನು ನಿಮ್ಮ ಬ್ಯಾಂಕಿನ ಆ್ಯಪಿನಲ್ಲೇ ನೋಡಿ. ಕೊಳ್ಳುವವರು ತೋರಿಸುವ ಸ್ಕ್ರೀನ್‌ಶಾಟ್ ಸಾಲದು. ಮಾರಿದ ತಕ್ಷಣ ನಿಮ್ಮ ಕಡೆಯ ನೋಟಿಸ್ ಕೊಡಿ. ಅದು ಬೇರೆ ಫಾರ್ಮ್, ಎಂಆರ್13ಎ. ಕೊಂಡವರು ತಮ್ಮದನ್ನು ತುಂಬಿದರೆ ಸಾಕೆಂದುಕೊಳ್ಳಬೇಡಿ. ನಿಮ್ಮ ನೋಟಿಸ್ ದಾಖಲಾಗುವವರೆಗೆ ವೇಗದ ದಂಡ, ಟೋಲ್, ಪಾರ್ಕಿಂಗ್ ಚೀಟಿ ಎಲ್ಲ ನಿಮ್ಮ ಹೆಸರಿಗೇ. ದಾಖಲಾಯಿತು ಎಂಬ ಖಾತರಿ ಕೈಗೆ ಬಂದ ಮೇಲೆ ಇನ್ಶೂರೆನ್ಸ್ ರದ್ದು ಮಾಡಿಸಿ. ವರ್ಷದ ಪ್ರೀಮಿಯಂ ಒಟ್ಟಿಗೆ ಕಟ್ಟಿದ್ದರೆ ಉಳಿದ ತಿಂಗಳುಗಳ ಹಣ ವಾಪಸ್ ಕೇಳುವುದನ್ನು ಮರೆಯಬೇಡಿ. ಅದನ್ನೂ ಯಾರೂ ನೆನಪಿಸುವುದಿಲ್ಲ.