ದೇವಿಯ ಮುಖವೂ ಬಾಲೆಯ ಮುಖವೂ

ಕೊರಿಯಾ ದೇಶದಲ್ಲಿ ಮೊಬೈಲಿನ ತೆರೆಯ ಮೇಲೆ ಓದತಕ್ಕ ಚಿತ್ರಕಥೆಗಳನ್ನು ವೆಬ್‌ಟೂನ್ ಎಂದು ಕರೆಯುತ್ತಾರೆ. ಇವುಗಳಲ್ಲಿ ಯಾವೊಂಗಿ ಎಂಬ ಕಾವ್ಯನಾಮದ ಲೇಖಕಿಯು ರಚಿಸಿದ ‘ಟ್ರೂ ಬ್ಯೂಟಿ’ ಎಂಬ ಪ್ರೇಮಕಥೆಯು 2018ರಿಂದ 2023ರ ವರೆಗೆ ಪ್ರಕಟವಾಗಿ ಬಹುಜನರ ಮನ್ನಣೆಯನ್ನು ಪಡೆಯಿತು. ಕೊರಿಯಾ ಭಾಷೆಯಲ್ಲಿ ಇದರ ಹೆಸರಿಗೆ ‘ದೇವಿಯ ಅವತರಣ’ ಎಂದರ್ಥ.

ಕಥಾನಾಯಕಿಯಾದ ಜು-ಗ್ಯೊಂಗ್ ಎಂಬ ಬಾಲೆಯು ರೂಪದ ನಿಮಿತ್ತವಾಗಿ ಸಹಪಾಠಿಗಳ ಪರಿಹಾಸ್ಯಕ್ಕೆ ಗುರಿಯಾಗಿದ್ದಳು. ಆಕೆಯು ವಿಡಿಯೋಗಳನ್ನು ನೋಡಿ ಮುಖಾಲಂಕಾರವನ್ನು ಶ್ರಮಪಟ್ಟು ಅಭ್ಯಾಸಮಾಡಿದಳು. ಹಿಂದೆ ನಕ್ಕ ಲೋಕವೇ ಈಗ ಆಕೆಯನ್ನು ದೇವಿಯೆಂದು ಕೊಂಡಾಡಿತು. ಆದರೆ ನೋವು ಅಳಿದ ಸ್ಥಳದಲ್ಲಿ ಭಯವು ನೆಲಸಿತು: ಬಣ್ಣವಿಲ್ಲದ ಮುಖವನ್ನು ಯಾರಾದರೂ ಕಂಡರೆ ಏನು ಗತಿ? ಪುಸ್ತಕದಂಗಡಿಯೊಂದರಲ್ಲಿ ಅದನ್ನು ಕಂಡವನು ಸಹಪಾಠಿಯಾದ ಸು-ಹೋ. ಅವನು ಆ ಗುಟ್ಟನ್ನು ಬಲ್ಲವನಾಗಿಯೂ ಆಕೆಯಲ್ಲಿ ಅನುರಕ್ತನಾಗುತ್ತಾನೆ.

ಇಲ್ಲಿ ವಿಚಾರಿಸತಕ್ಕ ವಿಷಯ ಒಂದುಂಟು. ಅಲಂಕಾರವು ದೋಷವಲ್ಲ; ಅದು ಕೈಗೆ ಬಂದ ಒಂದು ವಿದ್ಯೆ. ಅದಿಲ್ಲದೆ ತನಗೆ ಬೆಲೆಯಿಲ್ಲವೆಂಬ ನಂಬಿಕೆಯೇ ಬಂಧನ. ಆ ನಂಬಿಕೆಯು ಬಾಲೆಯಲ್ಲಿ ತಾನಾಗಿ ಹುಟ್ಟಿದ್ದಲ್ಲ. ನೋಡಿದವರ ನಗೆಯು ಅದನ್ನು ಬಿತ್ತಿತು. ಮುಚ್ಚಿಟ್ಟ ಮುಖಕ್ಕೆ ದೊರೆತ ಹೊಗಳಿಕೆಯು ಮುಚ್ಚಿಕೊಂಡೇ ಇರಬೇಕೆಂಬ ಬಲವಂತವನ್ನು ಹೆಚ್ಚಿಸುತ್ತದೆ. ಕಂಡ ಮುಖಕ್ಕೆ ದೊರೆತ ಪ್ರೀತಿಯು ಮಾತ್ರ ವಿಶ್ರಾಂತಿಯನ್ನು ಕೊಡುತ್ತದೆ.

ಸಹೋದರಿಯರೇ, ನಿಮ್ಮನ್ನು ಮೆಚ್ಚುವವನ ಎದುರಿನಲ್ಲಿ ನಿಮಗೆ ನಿರ್ಭಯವುಂಟೋ ಎಂದು ಮೊದಲು ಕೇಳಿಕೊಳ್ಳಿರಿ. ತಾಯ್ತಂದೆಗಳೇ, ಮಗಳ ಬಣ್ಣವನ್ನೂ ರೂಪವನ್ನೂ ಕುರಿತು ಮನೆಯಲ್ಲಿ ಆಡುವ ಮಾತನ್ನು ಅಳೆದು ಆಡಿರಿ. ಆಕೆಯ ಮೊದಲನೆಯ ಕನ್ನಡಿಯು ನೀವೇ.