ನೋಯದ ಹಲ್ಲನ್ನೂ ಡಾಕ್ಟರಿಗೆ ತೋರಿಸಬೇಕು

ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಯ ವಿಜ್ಞಾನ ಪಾಠಕ್ಕೆ ನಾನು ಹಲ್ಲಿನ ವಿಷಯ ಆರಿಸಿಕೊಂಡಿದ್ದೇನೆ. ಸ್ವಲ್ಪ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ.

ಪೀಠಿಕೆ

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಎಂಬ ಗಾದೆ ಎಲ್ಲರಿಗೂ ಗೊತ್ತು. ಕಡಲೆ ಸಿಗೋದು ಬಿಡೋದು ನಮ್ಮ ಕೈಯಲ್ಲಿಲ್ಲ. ಆದರೆ ಹಲ್ಲು ಉಳಿಸಿಕೊಳ್ಳುವುದು ಬಹಳ ಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ನಮ್ಮ ಕಡೆ ಜನ ಹಲ್ಲಿನ ಡಾಕ್ಟರ ಹತ್ತಿರ ಯಾವಾಗ ಹೋಗುತ್ತಾರೆ? ಹಲ್ಲು ನೋವು ಶುರುವಾಗಿ, ಲವಂಗ ಇಟ್ಟು, ಉಪ್ಪುನೀರು ಮುಕ್ಕಳಿಸಿ, ಎರಡು ಮೂರು ರಾತ್ರಿ ನಿದ್ದೆಗೆಟ್ಟು, ಕೆನ್ನೆ ಊದಿಕೊಂಡ ಮೇಲೆ ಬಸ್ಸು ಹತ್ತುತ್ತಾರೆ. ಅಷ್ಟು ಹೊತ್ತಿಗೆ ಬಹಳ ಸಲ ಹಲ್ಲು ಕೀಳುವುದೇ ಗತಿ ಆಗಿರುತ್ತದೆ. ಹಲ್ಲು ತೋರಿಸಲು ಸರಿಯಾದ ಕಾಲ ಅಂದರೆ ನೋವು ಇಲ್ಲದ ಕಾಲ. ಯಾಕೆ ಅಂತ ತಿಳಿಯೋಣ.

1. ಬಾಯಲ್ಲಿ ಎಷ್ಟು ಹಲ್ಲು?

ಮನುಷ್ಯನಿಗೆ ಎರಡು ಸಲ ಹಲ್ಲು ಬರುತ್ತವೆ. ಮೊದಲು ಬರುವುದು ಹಾಲುಹಲ್ಲು. ಅವು 20. ಆಮೇಲೆ ಬರುವುದು ಶಾಶ್ವತ ಹಲ್ಲು. ಅವು 32. ಅದರಲ್ಲಿ ಬಾಚಿ ಹಲ್ಲು 8, ಕೋರೆ ಹಲ್ಲು 4, ಮುಂದವಡೆ ಹಲ್ಲು 8, ಹಿಂದವಡೆ ಹಲ್ಲು 12. ಕೊನೆಯ ನಾಲ್ಕು ಬುದ್ಧಿ ಹಲ್ಲುಗಳು ಸುಮಾರು 17 ವರ್ಷದ ಮೇಲೆ ಬರುತ್ತವೆ. ಕೆಲವರಿಗೆ ಬರುವುದೇ ಇಲ್ಲ. ಶಾಶ್ವತ ಹಲ್ಲು ಬಿದ್ದರೆ ಮತ್ತೆ ಹುಟ್ಟುವುದಿಲ್ಲ. ಮೂರನೇ ಸಲ ಹಲ್ಲು ಇಲ್ಲ.

2. ಎಲ್ಲರೂ ಮರೆಯುವ ಆರನೇ ಹಲ್ಲು

ಈ ಪಾಠದಲ್ಲಿ ಬಹಳ ಮುಖ್ಯವಾದ ಭಾಗ ಇದು.

ಮಗುವಿಗೆ ಸುಮಾರು 6 ವರ್ಷ ಆದಾಗ ಮುಂದಿನ ಹಾಲುಹಲ್ಲು ಅಲ್ಲಾಡಿ ಬೀಳುತ್ತದೆ. ಅದನ್ನು ಸಗಣಿ ಉಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯುತ್ತೇವೆ. ಮನೆಯವರೆಲ್ಲ ಹೊಸ ಹಲ್ಲು ಬಂತಾ ಅಂತ ಮುಂದಿನ ಜಾಗವನ್ನೇ ನೋಡುತ್ತಾರೆ. ಅದೇ ಸಮಯದಲ್ಲಿ ಬಾಯಿಯ ಹಿಂದೆ, ಕೊನೆಯ ಹಾಲುಹಲ್ಲಿನ ಪಕ್ಕದಲ್ಲಿ, ಒಂದು ದೊಡ್ಡ ದವಡೆ ಹಲ್ಲು ಸದ್ದಿಲ್ಲದೆ ಬರುತ್ತದೆ. ಅದಕ್ಕೋಸ್ಕರ ಯಾವ ಹಾಲುಹಲ್ಲೂ ಬೀಳುವುದಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದರೂ "ಅದೂ ಹಾಲುಹಲ್ಲೇ ಬಿಡು, ಬಿದ್ದು ಹೋಗ್ತದೆ" ಅಂತಾರೆ.

ಅದು ಹಾಲುಹಲ್ಲು ಅಲ್ಲ, ಶಾಶ್ವತ ಹಲ್ಲು. ಮುಂದಿನ ನಡುಭಾಗದಿಂದ ಎಣಿಸಿದರೆ ಆರನೆಯದು. ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಸೇರಿ ಇಂಥವು 4 ಇವೆ. ರೊಟ್ಟಿ, ಮಾಂಸ, ಕಬ್ಬು ಎಲ್ಲ ಅಗಿಯಲು ಇವೇ ಮುಖ್ಯ. ಇವುಗಳ ಮೇಲೆ ಆಳವಾದ ಗೀರುಗಳಿರುತ್ತವೆ. ಅದರಲ್ಲಿ ತಿಂಡಿ ಸಿಕ್ಕಿಕೊಳ್ಳುತ್ತದೆ. ಒಂದನೇ ತರಗತಿಯ ಮಗುವಿಗೆ ಅಷ್ಟು ಹಿಂದಕ್ಕೆ ಬ್ರಷ್ ಹಾಕಲು ಬರುವುದಿಲ್ಲ. ಹೀಗಾಗಿ ಮೊದಲು ಹುಳುಕಾಗುವ ಶಾಶ್ವತ ಹಲ್ಲು ಸಾಮಾನ್ಯವಾಗಿ ಇದೇ.

ಇನ್ನು ನಮ್ಮ ವಿಷಯ. ನಮಗೆ 12, 13 ವರ್ಷ. ಈಗ ಅದರ ಹಿಂದೆ ಏಳನೇ ಹಲ್ಲು ಬರುವ ಕಾಲ. ಹೀಗೆ ನೆನಪಿಟ್ಟುಕೊಳ್ಳಿ: ಆರನೇ ವರ್ಷಕ್ಕೆ ಆರನೇ ಹಲ್ಲು, ಏಳನೇ ತರಗತಿಗೆ ಏಳನೇ ಹಲ್ಲು.

3. ಹಲ್ಲು ಹುಳುಕಾಗುವುದು ಹೇಗೆ?

ಹುಳುಕು ಹಲ್ಲಿನಲ್ಲಿ ಹುಳ ಇರುತ್ತದೆ ಅಂತ ಹಳಬರು ಹೇಳುತ್ತಾರೆ. ನೆಲಗುಳ್ಳದ ಬೀಜದ ಹೊಗೆ ಹಿಡಿದು ಹುಳ ತೆಗೆಯುವವರೂ ಇದ್ದರು. ನಿಜವಾಗಿ ಅಲ್ಲಿ ಇರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಅವು ಹಲ್ಲಿನ ಮೇಲೆ ಪಾಚಿಯಂತೆ ಅಂಟಿಕೊಳ್ಳುತ್ತವೆ. ನಾವು ಸಿಹಿ ತಿಂದಾಗ ಅವೂ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲಿನಲ್ಲಿರುವ ಖನಿಜವನ್ನು ಕರಗಿಸುತ್ತದೆ. ಆಮೇಲೆ ನಮ್ಮ ಜೊಲ್ಲು ಆಮ್ಲವನ್ನು ತೊಳೆದು ಹಲ್ಲನ್ನು ಸ್ವಲ್ಪ ರಿಪೇರಿ ಮಾಡುತ್ತದೆ. ಜೊಲ್ಲಿಗೆ ಈ ಕೆಲಸಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೇಕಾಗಬಹುದು.

ಆದ್ದರಿಂದ ಎಷ್ಟು ಸಿಹಿ ತಿಂದೆವು ಅನ್ನೋದರ ಜೊತೆಗೆ ಎಷ್ಟು ಸಲ ತಿಂದೆವು ಅನ್ನೋದೂ ಮುಖ್ಯ. ಊಟದ ಜೊತೆ ಒಂದು ಹೋಳಿಗೆ ತಿಂದರೆ ಒಂದು ಸಲದ ಆಮ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಚಾಕಲೇಟು, ಬಿಸ್ಕತ್ತು ಅಂತ ಸ್ವಲ್ಪ ಸ್ವಲ್ಪವೇ ತಿಂತಾ ಇದ್ದರೆ ಇಡೀ ದಿನ ಆಮ್ಲ. ರಾತ್ರಿ ಮಲಗಿದಾಗ ಜೊಲ್ಲು ಕಡಿಮೆಯಾಗುತ್ತದೆ. ಅದಕ್ಕೇ ರಾತ್ರಿ ಹಲ್ಲು ಉಜ್ಜಿ ಮಲಗಬೇಕು.

4. ನೋವು ಯಾಕೆ ತಡವಾಗಿ ಬರುತ್ತದೆ?

ಹಲ್ಲಿಗೆ ಮೂರು ಪದರ.
(ಅ) ಮೇಲಿನದು ಎನಾಮೆಲ್. ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿ ವಸ್ತು. ಮೂಳೆಗಿಂತ ಗಟ್ಟಿ. ಇದರಲ್ಲಿ ನರ ಇಲ್ಲ.
(ಆ) ಅದರ ಒಳಗೆ ಡೆಂಟಿನ್. ಇದು ಸ್ವಲ್ಪ ಮೆದು.
(ಇ) ನಡುವೆ ತಿರುಳು. ರಕ್ತನಾಳ ಮತ್ತು ನರ ಇರುವುದು ಇಲ್ಲಿ.

ಹುಳುಕು ಮೇಲಿನಿಂದ ಒಳಕ್ಕೆ ಹೋಗುತ್ತದೆ. ಮೊದಲು ಸುಣ್ಣದಂಥ ಬಿಳಿ ಮಚ್ಚೆ. ನೋವು ಇಲ್ಲ. ಆಮೇಲೆ ಎನಾಮೆಲಿನಲ್ಲಿ ಸಣ್ಣ ಗುಂಡಿ. ಆಗಲೂ ನೋವು ಇಲ್ಲ, ಯಾಕೆಂದರೆ ಅಲ್ಲಿ ನರವೇ ಇಲ್ಲ. ಡೆಂಟಿನ್ ಮುಟ್ಟಿದಾಗ ತಣ್ಣನೆ ನೀರು, ಸಿಹಿ ತಾಕಿದರೆ ಜುಂ ಅನ್ನುತ್ತದೆ. ತಿರುಳಿನ ತನಕ ಹೋದಾಗ ರಾತ್ರಿಯೆಲ್ಲ ನೋವು. ಆಮೇಲೆ ಒಂದು ದಿನ ನೋವು ತಾನಾಗಿ ನಿಂತುಹೋಗಬಹುದು. "ವಾಸಿಯಾಯ್ತು" ಅಂತ ಸುಮ್ಮನಾಗುತ್ತೇವೆ. ಆದರೆ ಆಗ ಒಳಗಿನ ನರ ಸತ್ತಿರಬಹುದು. ಕೀವು ಬೇರಿನ ಕಡೆಗೆ ಇಳಿಯುತ್ತಿರುತ್ತದೆ.

ಮೊದಲ ಹಂತದಲ್ಲಿ ತೋರಿಸಿದರೆ ಫ್ಲೋರೈಡ್ ಲೇಪ ಹಚ್ಚಿ ಗುಂಡಿ ಬೀಳದಂತೆ ತಡೆಯಬಹುದು. ಎರಡನೇ ಹಂತದಲ್ಲಿ ಗುಂಡಿ ತುಂಬಿದರೆ ಸಾಕು. ತಿರುಳಿಗೆ ಹೋದ ಮೇಲೆ ಬೇರಿನ ಚಿಕಿತ್ಸೆ, ಅಂದರೆ ರೂಟ್ ಕೆನಾಲ್, ಬೇಕು. ಇಲ್ಲದಿದ್ದರೆ ಹಲ್ಲು ಕೀಳಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡ ಹಾಗೆ.

5. ತಪಾಸಣೆಯಲ್ಲಿ ಏನು ಮಾಡುತ್ತಾರೆ?

ಹೆದರಬೇಡಿ. ತಪಾಸಣೆ ಅಂದರೆ ಹಲ್ಲು ಕೀಳುವುದಲ್ಲ. ಡಾಕ್ಟರು ಒಂದು ಚಿಕ್ಕ ಕನ್ನಡಿಯನ್ನು ಬಾಯಲ್ಲಿಟ್ಟು ಹಲ್ಲುಗಳ ಹಿಂಭಾಗ ನೋಡುತ್ತಾರೆ. ವಸಡಿನಲ್ಲಿ ರಕ್ತ, ಊತ ಇದೆಯೇ ಅಂತ ನೋಡುತ್ತಾರೆ. ಎರಡು ಹಲ್ಲುಗಳ ನಡುವಿನ ಹುಳುಕು ಹೊರಗೆ ಕಾಣುವುದಿಲ್ಲ. ಅನುಮಾನ ಬಂದರೆ ಎಕ್ಸ್‌ರೇ ತೆಗೆಯುತ್ತಾರೆ. ನಾಲಿಗೆ, ಕೆನ್ನೆಯ ಒಳಭಾಗವನ್ನೂ ನೋಡುತ್ತಾರೆ. ಹೊಸದಾಗಿ ಬಂದ ಆರನೇ ಹಲ್ಲಿನ ಗೀರುಗಳು ಆಳವಾಗಿದ್ದರೆ ಅದರ ಮೇಲೆ ಒಂದು ತೆಳು ಪದರ ಹಾಕಿ ಮುಚ್ಚುತ್ತಾರೆ. ಇದಕ್ಕೆ ಕೊರೆಯುವುದೂ ಬೇಡ, ಸೂಜಿಯೂ ಬೇಡ.

ಹಲ್ಲಿನ ಕಲೆಯೆಲ್ಲ ಹುಳುಕಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗದ ಕಡೆ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ನಿಯಮ. ಚಿಕ್ಕ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಹಲ್ಲಿನಲ್ಲಿ ಕಂದು ಕಲೆ ಆಗುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅಂಥವರನ್ನು "ಹಲ್ಲು ಉಜ್ಜಲ್ವಾ?" ಅಂತ ಹಂಗಿಸಬಾರದು. ಯಾವುದು ಕಲೆ, ಯಾವುದು ಹುಳುಕು ಅಂತ ಡಾಕ್ಟರು ಹೇಳುತ್ತಾರೆ.

6. ಎಷ್ಟು ದಿನಕ್ಕೊಮ್ಮೆ? ಎಲ್ಲಿ?

ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಒಂದು ಸಲ ತೋರಿಸಬೇಕು. ಆಮೇಲೆ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ. ಹಲ್ಲು ಚೆನ್ನಾಗಿದ್ದರೆ ವರ್ಷಕ್ಕೆ ಒಂದು ಸಲ ಸಾಕು ಅಂತ ಡಾಕ್ಟರೇ ಹೇಳಬಹುದು.

"ಹೋದರೆ ಒಂದು ದಿನದ ಕೂಲಿ ಹೋಗ್ತದೆ, ಬಸ್ ಚಾರ್ಜು ಬೇರೆ" ಅಂತ ಮನೆಯಲ್ಲಿ ಹೇಳುತ್ತಾರೆ. ಅದು ನಿಜ. ಆದರೆ ತಪಾಸಣೆಗೆ ಒಂದು ದಿನ ಸಾಕು. ಹುಳುಕು ತಿರುಳಿಗೆ ಹೋದರೆ ಮೂರು ನಾಲ್ಕು ಸಲ ಓಡಾಡಬೇಕಾಗಬಹುದು. ಲೆಕ್ಕ ನೀವೇ ಹಾಕಿ. ಪಟ್ಟಣದ ಸಂತೆಗೋ ಬೇರೆ ಕೆಲಸಕ್ಕೋ ಹೇಗೂ ಹೋಗುವ ದಿನವೇ ಸರ್ಕಾರಿ ಆಸ್ಪತ್ರೆಯ ಹಲ್ಲಿನ ವಿಭಾಗಕ್ಕೂ ಹೋಗಿ ಬರಬಹುದು.

ಇನ್ನೊಂದು ಅನುಕೂಲ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಆರೋಗ್ಯ ತಂಡದವರು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಹಲ್ಲೂ ಸೇರಿದೆ. ತೊಂದರೆ ಕಂಡರೆ ಆಸ್ಪತ್ರೆಗೆ ಹೋಗಲು ಬರೆದು ಕೊಡುತ್ತಾರೆ. ಆ ಚೀಟಿ ಬ್ಯಾಗಿನಲ್ಲೇ ಉಳಿದರೆ ತಪಾಸಣೆ ಮಾಡಿಸಿಯೂ ಪ್ರಯೋಜನ ಇಲ್ಲ. ಅದೇ ದಿನ ಅಪ್ಪ ಅಮ್ಮನ ಕೈಗೆ ಕೊಡಬೇಕು.

7. ಜನ ಹೇಳುವ ಮಾತು, ನಿಜವಾದ ಮಾತು

ಮಾತು: ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ.
ನಿಜ: ಹಲ್ಲಿನ ನರ ಬೇರೆ, ನೋಟದ ನರ ಬೇರೆ. ಕಣ್ಣು ಹೋಗುವುದಿಲ್ಲ.

ಮಾತು: ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲ ಆಗುತ್ತದೆ.
ನಿಜ: ಗಟ್ಟಿಯಾದ ಪಾಚಿ ತೆಗೆದಾಗ ಅದು ತುಂಬಿದ್ದ ಸಂದು ಕಾಣುತ್ತದೆ. ಹಲ್ಲನ್ನು ಸಡಿಲ ಮಾಡುವುದು ಆ ಪಾಚಿಯೇ.

ಮಾತು: ಹಾಲುಹಲ್ಲು ಹುಳುಕಾದರೆ ಪರವಾಗಿಲ್ಲ.
ನಿಜ: ಹಿಂದಿನ ಹಾಲುಹಲ್ಲು 10ರಿಂದ 12 ವರ್ಷದ ತನಕ ಇರಬೇಕು. ಅದು ಹೊಸ ಹಲ್ಲಿಗೆ ಜಾಗ ಕಾಯುತ್ತದೆ. ಮೊದಲೇ ಕಿತ್ತರೆ ಪಕ್ಕದ ಹಲ್ಲು ವಾಲಿ ಹೊಸದು ಸೊಟ್ಟ ಬರಬಹುದು.

ಮಾತು: ಇದ್ದಿಲು, ಇಟ್ಟಿಗೆ ಪುಡಿಯಲ್ಲಿ ಉಜ್ಜಿದರೆ ಹಲ್ಲು ಗಟ್ಟಿ.
ನಿಜ: ಅವು ಎನಾಮೆಲನ್ನು ಸವೆಸುತ್ತವೆ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

8. ದೊಡ್ಡವರಿಗೂ ತಪಾಸಣೆ ಬೇಕು

ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಇದರಿಂದ ಬಾಯಿಯ ಕ್ಯಾನ್ಸರ್ ಬರಬಹುದು. ಅದೂ ಶುರುವಿನಲ್ಲಿ ನೋಯುವುದಿಲ್ಲ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದೇ ಇರುವುದು, ಇವುಗಳಲ್ಲಿ ಯಾವುದೇ ಇದ್ದರೂ ತಕ್ಷಣ ತೋರಿಸಬೇಕು. ಬೇಗ ಗೊತ್ತಾದರೆ ವಾಸಿಯಾಗುವ ಅವಕಾಶ ಬಹಳ ಹೆಚ್ಚು. ಅಜ್ಜ ಅಜ್ಜಿಗೆ ನಾವು ಬುದ್ಧಿ ಹೇಳಿದರೆ ಬೈಯಬಹುದು. "ನನ್ನ ಹಲ್ಲು ತೋರಿಸೋಕೆ ಜೊತೆಗೆ ಬಾ ಅಜ್ಜಿ" ಅಂತ ಕರೆದುಕೊಂಡು ಹೋದರೆ ಬರುತ್ತಾರೆ. ಅಲ್ಲಿ ಅವರದ್ದೂ ತೋರಿಸಬಹುದು.

9. ಇವತ್ತು ಮನೆಯಲ್ಲಿ ಮಾಡುವ ಕೆಲಸ

ಕೈ ತೊಳೆದುಕೊಂಡು ತಮ್ಮನನ್ನೋ ತಂಗಿಯನ್ನೋ ಬಿಸಿಲಿಗೆ ಮುಖ ಮಾಡಿ ಕೂರಿಸಿ. ಬಾಯಿ ಅಗಲ ಮಾಡಿಸಿ. ನಡುವಿನಿಂದ ಒಂದು, ಎರಡು ಅಂತ ಹಿಂದಕ್ಕೆ ಎಣಿಸಿ. ಆರನೆಯದು ಬಂದಿದೆಯೇ? ಅದರ ಮೇಲೆ ಕಪ್ಪು ಗೀರು ಅಥವಾ ಗುಂಡಿ ಇದೆಯೇ? ಇದ್ದರೆ ಅಮ್ಮನಿಗೆ ತೋರಿಸಿ. "ಇದು ಬೀಳುವ ಹಲ್ಲಲ್ಲ" ಅಂತ ಹೇಳಿ. ಏನೂ ಕಾಣದಿದ್ದರೂ ಡಾಕ್ಟರಿಗೆ ತೋರಿಸುವುದು ಬಿಡಬೇಡಿ. ನಮ್ಮ ಕಣ್ಣಿಗೆ ಕಾಣದ್ದು ಅವರ ಕನ್ನಡಿಗೆ ಕಾಣುತ್ತದೆ.

ಉಪಸಂಹಾರ

ರಾಗಿ ಹೊಲದಲ್ಲಿ ಕಳೆ ಸಣ್ಣದಿದ್ದಾಗಲೇ ಕೀಳುತ್ತೇವೆ. ಮನೆ ಸೋರುವ ಮುಂಚೆಯೇ ಹೆಂಚು ಸರಿ ಮಾಡುತ್ತೇವೆ. ಹಲ್ಲಿಗೂ ಅದೇ ಬುದ್ಧಿ ಬೇಕು. ಒಂದನೇ ತರಗತಿಯ ಮಗುವಿಗೆ ಈಗ ಬಂದಿರುವ ಆರನೇ ಹಲ್ಲು ಇನ್ನು ಅರವತ್ತು ಎಪ್ಪತ್ತು ವರ್ಷ ಕೆಲಸ ಮಾಡಬೇಕು. ಅದು ಬಂದಿದೆ ಅಂತ ಆ ಮಗುವಿಗೆ ಗೊತ್ತಿಲ್ಲ. ಓದಿದ ನಮಗೆ ಗೊತ್ತಿದೆ. ಆದ್ದರಿಂದ ನೋಡುವ ಜವಾಬ್ದಾರಿ ನಮ್ಮದು.

ಪ್ರಶ್ನೆಗಳು (ಉತ್ತರ ಪಾಠದಲ್ಲೇ ಇದೆ)
1. ಯಾವ ಹಾಲುಹಲ್ಲೂ ಬೀಳದೆ ಬರುವ ಮೊದಲ ಶಾಶ್ವತ ಹಲ್ಲು ಯಾವುದು?
2. ಎನಾಮೆಲ್ ಹುಳುಕಾದರೂ ನೋವು ಯಾಕೆ ಆಗುವುದಿಲ್ಲ?
3. ಹಲ್ಲು ನೋವು ತಾನಾಗಿ ನಿಂತರೆ ವಾಸಿಯಾಯಿತು ಅನ್ನಬಹುದೇ?

– 7ನೇ ತರಗತಿ