ಮಳೆಗಾಲದ ಹಟ್ಟಿಯಂಗಳ: ಕೆಸರಿಗೆ ಬೇಸಿಗೆಯಲ್ಲೇ ಮದ್ದು

ಬಂಟ್ವಾಳ ತಾಲ್ಲೂಕಿನ ಕನ್ಯಾನ, ವಿಟ್ಲ ಕಡೆಯಂಥ ಗುಡ್ಡದ ನೆಲದಲ್ಲಿ ಹೊಸದಾಗಿ ಅಡಿಕೆ ತೋಟ ಎಬ್ಬಿಸುವವರಿಗೆ ಗೊಬ್ಬರ ಬೇಕು. ಗೊಬ್ಬರಕ್ಕೆ ದನ ಬೇಕು. ಗುಡ್ಡ ಕಡಿದು ತಟ್ಟು ಮಾಡಿ ಹಟ್ಟಿ ಕಟ್ಟುತ್ತಾರೆ. ಆದರೆ ಹೊಸ ಮಣ್ಣು ತುಂಬಿದ ಅಂಗಳ ಮೊದಲ ಮಳೆಗಾಲದಲ್ಲೇ ಕೆಸರುಗದ್ದೆಯಾಗುತ್ತದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ.

ಕೆಸರಿನಲ್ಲಿ ನಿಂತ ದನದ ಗೊರಸು ಮೆತ್ತಗಾಗಿ, ಗೊರಸಿನ ಸಂದಿಯ ಚರ್ಮ ಬಿರಿದು ರೋಗಾಣುಗಳಿಗೆ ದಾರಿಯಾಗುತ್ತದೆ. ಕುಂಟುವ ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಕೊಳೆಯಾದ ಕೆಚ್ಚಲಿಗೆ ಬಾವು ಬರುವುದೂ ಸುಲಭ.

ಮೊದಲು ನೀರು, ಆಮೇಲೆ ಕಲ್ಲು

ಕೆಸರಾದ ಅಂಗಳಕ್ಕೆ ಕಲ್ಲು ಸುರಿಯುವವರೇ ಹೆಚ್ಚು. ನೀರನ್ನು ತಡೆಯದಿದ್ದರೆ ಆ ಕಲ್ಲೂ ಹೂತುಹೋಗುತ್ತದೆ. ಲೆಕ್ಕ ಹಾಕಿ ನೋಡಿರಿ: 40 ಚದರ ಮೀಟರ್ ಮಾಡಿನ ಮೇಲೆ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ ಅಂಗಳಕ್ಕೆ ಇಳಿಯುವ ನೀರು 4,000 ಲೀಟರ್! ಮಾಡಿನ ಅಂಚಿಗೆ ಅಡಿಕೆ ಮರದ ದಂಬೆಯನ್ನಾದರೂ ಕಟ್ಟಿ ಈ ನೀರನ್ನು ದೂರ ಸಾಗಿಸಿರಿ. ಹಟ್ಟಿಯ ಮೇಲ್ಬದಿಯಲ್ಲಿ ಗುಡ್ಡದ ನೀರು ಹಿಡಿಯಲು ಕಣಿ ತೋಡಿರಿ. ಕಣಿಯ ನೀರನ್ನು ಕಡಿದ ದರೆಯ ಮೇಲಿಂದ ಬಿಡಲೇಬಾರದು. ದರೆ ಜರಿದು ಹಟ್ಟಿಗೇ ಅಪಾಯ. ಕಲ್ಲು ಹಾಸಿದ ದಾರಿಯಲ್ಲಿ ತೋಡಿಗೆ ಸೇರಿಸಿರಿ. ಸೆಗಣಿ, ಗಂಜಲದ ನೀರು ಮಾತ್ರ ಬೇರೆಯಾಗಿ ಗೊಬ್ಬರದ ಗುಂಡಿಗೆ ಹೋಗಲಿ.

ಗಟ್ಟಿ ಅಂಗಳ

ದೊಡ್ಡ ದನ ಒಂದಕ್ಕೆ 7 ಚದರ ಮೀಟರ್ ಬಯಲು ಅಂಗಳ ಬೇಕು, ನಾಲ್ಕಕ್ಕೆ 28. ಅಷ್ಟನ್ನೇ ಗಟ್ಟಿ ಮಾಡಿದರೆ ಸಾಕು. ಮೆತ್ತನೆಯ ಮಣ್ಣು ತೆಗೆದು, ಅರ್ಧ ಅಡಿ ಮುರಕಲ್ಲಿನ ತುಂಡು ಹಾಕಿ ದಮ್ಮಸು ಮಾಡಿರಿ. ಚೂಪು ಅಂಚು ಗೊರಸಿಗೆ ತಾಗದಂತೆ ಮೇಲೆ ಮೂರು ಅಂಗುಲ ಸಣ್ಣ ಜಲ್ಲಿ ಹರಡಿ ಬಡಿಯಿರಿ. 10 ಅಡಿಗೆ 3 ಅಂಗುಲ ಇಳಿಜಾರಿರಲಿ. ಸೊಪ್ಪು, ತರಗೆಲೆ ಮಾಡಿನ ಅಡಿಗೆ ಮಾತ್ರ. ಅಂಗಳಕ್ಕೆ ಹಾಕಿದರೆ ಕೊಳೆತು ಕೆಸರು ಹೆಚ್ಚುತ್ತದೆ.

ಹೊರಗೆ ಬಿಡುವ ಕ್ರಮ

ಹೊಸ ತಟ್ಟಿಗೆ ದನ ಬಿಟ್ಟರೆ ಅಂಚು ಕುಸಿಯುತ್ತದೆ, ಎಳೆ ಗಿಡಗಳ ಬುಡದ ಮಣ್ಣು ಬಿಗಿಯುತ್ತದೆ. ಎತ್ತರದ ಹುಲ್ಲುಗುಡ್ಡವನ್ನು ಮೂರು ನಾಲ್ಕು ಪಾಲು ಮಾಡಿ, ಮಳೆ ಬಿಟ್ಟಾಗ ಒಂದೊಂದರಲ್ಲೇ ಮೇಯಿಸಿರಿ. ಗೊರಸಿನ ಗುರುತಿನಲ್ಲಿ ನೀರು ನಿಂತಿತೆಂದರೆ ದನ ಹೊಡೆದುಕೊಂಡು ಬರಬೇಕು. ಜಡಿಮಳೆಯ ದಿನಗಳಲ್ಲಿ ಹುಲ್ಲು ಕೊಯ್ದು ಹಟ್ಟಿಯಲ್ಲೇ ಹಾಕುವುದು ಮೇಲು. ನೀರು ನಿಂತ ಬೈಲಿನಲ್ಲಿ ಮೇಯಿಸಬೇಡಿರಿ. ಅಲ್ಲಿನ ಬಸವನಹುಳುಗಳಿಂದ ಪಿತ್ತಕೋಶದ ಹುಳುಬಾಧೆ ಅಂಟುತ್ತದೆ.

ಗೊರಸಿನ ಆರೈಕೆ

ಸಂಜೆ ಕಾಲು ತೊಳೆದು ಗೊರಸಿನ ಸಂದಿ ನೋಡಿರಿ. ಕೊಳೆರೋಗದ ಸಿಂಪಡಣೆಗೆ ತಂದ ಮೈಲುತುತ್ತು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. 10 ಲೀಟರ್ ನೀರಿಗೆ 500 ಗ್ರಾಂ ಕರಗಿಸಿ, ಪ್ಲಾಸ್ಟಿಕ್ ಪಾತ್ರೆಯಲ್ಲಿ, ತೊಳೆದ ಕಾಲನ್ನು ಅದ್ದಿಸಿರಿ. ಸುಣ್ಣ ಸೇರಿಸಬಾರದು. ಇದು ವಿಷ, ದನ ಕುಡಿಯದಂತೆ ನೋಡಿಕೊಳ್ಳಿರಿ, ಉಳಿದದ್ದನ್ನು ತೋಡಿಗೆ ಚೆಲ್ಲಬೇಡಿರಿ. ಕುಂಟು ಕಂಡರೆ ಪಶುವೈದ್ಯರಿಗೆ ತೋರಿಸಿರಿ.

ಕಣಿ, ದಂಬೆ, ಅಂಗಳ ಇವಿಷ್ಟೂ ಪತ್ತನಾಜೆಯೊಳಗೆ ಮುಗಿಯಲಿ. ಆಟಿಯ ಮಳೆಯಲ್ಲಿ ಕೆಸರಿನೊಡನೆ ಗುದ್ದಾಡುವುದಕ್ಕಿಂತ ಬೇಸಿಗೆಯ ನಾಲ್ಕು ದಿನದ ದುಡಿಮೆ ಲಾಭದಾಯಕ.